ಕೂಳೆಗದ್ದೆಯ ಟಾಕೀಸು

ಮೊದಲನೆಯ ದಿನ: ಶಿವಮೊಗ್ಗ

ಬೆಂಗಳೂರಿನಿಂದ ಹೊರಟ ರಾತ್ರಿ ರೈಲು ಶಿವಮೊಗ್ಗ ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮಂಗನ ಟೋಪಿ ಹಾಕಿಕೊಂಡು ನಿಲ್ದಾಣದ ಹೊರಗೆ ಕಾರಿಗೆ ಒರಗಿ ನಿಂತಿದ್ದ ಭಾವ ನನ್ನ ಚೀಲವನ್ನು ಡಿಕ್ಕಿಗೆ ಹಾಕುತ್ತ, “ಅಲ್ಲ ಭಾವ, ಇರುವ ಟಾಕೀಸಿಗೇ ಜನ ಹೋಗುವುದಿಲ್ಲ, ನೀವು ಇಲ್ಲದ ಟಾಕೀಸು ನೋಡಲಿಕ್ಕೆ ಬಂದಿರಲ್ಲ ಮಾರಾಯ್ರೇ” ಎಂದರು.

ಭಾವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಬಾಲ್ಯದಲ್ಲಿ ದೀಪಾವಳಿ ಕಳೆದು ಗದ್ದೆ ಕೊಯ್ಲು ಮುಗಿಯುತ್ತಿದ್ದಂತೆ ಮಲೆನಾಡಿನ ಸಣ್ಣ ಪೇಟೆಗಳ ಅಂಚಿನಲ್ಲಿ ತಲೆಯೆತ್ತಿ, ಮುಂಗಾರಿನ ಮೊದಲ ಹನಿ ಬೀಳುವುದರೊಳಗೆ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದ ಟೂರಿಂಗ್ ಟಾಕೀಸುಗಳು ನಿಂತಿದ್ದ ಜಾಗಗಳನ್ನು ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂದು ನಾನು ಹೊರಟಿದ್ದೆ. ಈ ಹುಚ್ಚು ಹತ್ತಿದ್ದು ಮಾತ್ರ ಮಲೆನಾಡಿನಲ್ಲಿ ಅಲ್ಲ, ಅಹಮದಾಬಾದಿನಲ್ಲಿ. ನೌಕರಿಯ ನಿಮಿತ್ತ ಅಲ್ಲಿದ್ದ ದಿನಗಳಲ್ಲಿ ಸಹೋದ್ಯೋಗಿಗಳು ಒಂದು ಸಂಜೆ ನನ್ನನ್ನು ಅಲ್ಲಿನ ಡ್ರೈವ್-ಇನ್ ಚಿತ್ರಮಂದಿರಕ್ಕೆ ಕರೆದೊಯ್ದರು. 1973ರಲ್ಲಿ ಆರಂಭವಾದ ಆ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು; ಆದರೆ ಕಾರಿನೊಳಗೆ ಕುಳಿತವರು ಕಡಿಮೆ. ಹೆಚ್ಚಿನವರು ಮುಂದೆ ಚಾಪೆ ಹಾಸಿ, ಮಕ್ಕಳನ್ನು ಮಲಗಿಸಿಕೊಂಡು, ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿಯನ್ನು ಬಿಚ್ಚಿದ್ದರು. ಉಳಿದವರಿಗೆ ಅದು ಹೊಸ ಕಾಲದ ಶೋಕಿಯಾಗಿ ಕಂಡಿರಬೇಕು. ನನಗೆ ಕಂಡದ್ದು ಕಾರಿನ ಜಾಗದಲ್ಲಿ ಕಮಾನು ಗಾಡಿಗಳು ನಿಂತಿದ್ದ ನಮ್ಮೂರ ಗದ್ದೆ.

ಡ್ರೈವ್-ಇನ್ ಎಂಬುದು ಹುಟ್ಟಿದ್ದೂ ಒಂದು ಹಿತ್ತಲಿನಲ್ಲಿಯೇ. ಅಮೆರಿಕದ ನ್ಯೂಜೆರ್ಸಿಯಲ್ಲಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ಮನೆಯ ಹಿಂದಿನ ಮರಗಳಿಗೆ ಬಿಳಿ ಬಟ್ಟೆ ಬಿಗಿದು, ಕಾರಿನ ಬಾನೆಟ್ಟಿನ ಮೇಲೆ ಪ್ರೊಜೆಕ್ಟರ್ ಇಟ್ಟು ಪ್ರಯೋಗ ಮಾಡಿ ನೋಡಿದ. 1933ರ ಜೂನ್ 6ರಂದು ಕ್ಯಾಮ್ಡೆನ್ ಬಳಿ ಮೊದಲ ಡ್ರೈವ್-ಇನ್ ತೆರೆದ. ಕಾರಿಗೆ 25 ಸೆಂಟು, ಒಳಗಿದ್ದವರಿಗೆ ತಲೆಗೆ 25 ಸೆಂಟು. 1950ರ ದಶಕ ಮುಗಿಯುವ ಹೊತ್ತಿಗೆ ಆ ದೇಶದಲ್ಲಿ ಇಂಥವು ಸುಮಾರು 4000 ಇದ್ದವು. ಊರುಗಳು ಬೆಳೆದು ನೆಲದ ಬೆಲೆ ಏರಿದಾಗ ಒಂದೊಂದಾಗಿ ಮುಚ್ಚಿದವು. ನಮ್ಮ ಟೆಂಟುಗಳು ಹೋದ ಬಗೆ ಬೇರೆ: ಅವು ನಿಂತ ನೆಲ ಪ್ರತಿ ವರ್ಷವೂ ಮಳೆಗಾಲಕ್ಕೆ ಮೊದಲು ಭತ್ತಕ್ಕೆ ಹಿಂದಿರುಗುತ್ತಿತ್ತು, ಒಂದು ವರ್ಷ ಭತ್ತದಿಂದ ಟೆಂಟಿಗೆ ಮರಳಲಿಲ್ಲ, ಅಷ್ಟೆ.

ಶಿವಮೊಗ್ಗಕ್ಕೆ ಟೆಂಟಿನ ಹಂಗಿರಲಿಲ್ಲ. ಇಲ್ಲಿ ಕಾಯಂ ಟಾಕೀಸುಗಳಿದ್ದವು. ಲಕ್ಷ್ಮೀ ಟಾಕೀಸಿನ ಹೆಸರು ಇಂದಿಗೂ ಆಟೋದವರ ಬಾಯಲ್ಲಿ ಜಾಗದ ಹೆಸರಾಗಿಯೇ ಓಡಾಡುತ್ತದೆ. ಆದರೆ ಟೆಂಟುಗಳ ಮಟ್ಟಿಗೆ ಶಿವಮೊಗ್ಗವೇ ಹೆಬ್ಬಾಗಿಲು. ಬೀರೂರಿನಿಂದ ರೈಲು ಇಲ್ಲಿಗೆ ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಅರಸಾಳು, ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪ ಮುಟ್ಟಿದ್ದು 1940ರ ಹೊತ್ತಿಗೆ. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಕಚೇರಿಗಳಿಂದ ಹೊರಟ ತಗಡಿನ ಪೆಟ್ಟಿಗೆಗಳು ಈ ರೈಲಿನಲ್ಲೋ ಬಸ್ಸಿನ ಟಾಪಿನ ಮೇಲೋ ಬಂದು, ಮೊದಲು ಪಟ್ಟಣದ ಟಾಕೀಸುಗಳಲ್ಲಿ ಓಡಿ, ಗೀರು ಬಿದ್ದು, ತುಂಡಾಗಿ, ಅಂಟಿಸಿಕೊಂಡು, ಒಂದೆರಡು ವರ್ಷ ಹಳೆಯದಾದ ಮೇಲೆ ನಮ್ಮಂಥವರ ಟೆಂಟಿಗೆ ಬರುತ್ತಿದ್ದವು. ಪರದೆಯ ಮೇಲೆ ಸದಾ ಸಣ್ಣಗೆ ಮಳೆ ಸುರಿಯುತ್ತಿದ್ದಂತೆ ಕಾಣುವುದೇ ಸಿನಿಮಾದ ಸಹಜ ಸ್ವರೂಪ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಮಧ್ಯಾಹ್ನ ಭಾವನ ಪರಿಚಯದ, ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಯಲ್ಲಿ ಊಟ. ಟೆಂಟುಗಳ ಲೈಸೆನ್ಸಿನ ಕಡತಗಳನ್ನು ಮೇಲಿನವರ ಮೇಜಿಗೆ ಸಾಗಿಸಿದ ಅನುಭವ ಅವರಿಗಿತ್ತು. 1964ರ ಸಿನಿಮಾ ನಿಯಂತ್ರಣ ಕಾಯ್ದೆಯೂ 1971ರ ನಿಯಮಗಳೂ ಕಾಯಂ ಚಿತ್ರಮಂದಿರವನ್ನು ಒಂದು ಬಗೆಯಾಗಿ, ಸಂಚಾರಿ ಚಿತ್ರಮಂದಿರವನ್ನು ಇನ್ನೊಂದು ಬಗೆಯಾಗಿ ನೋಡಿದವು. ಸಂಚಾರಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡುತ್ತಿದ್ದ ಪರವಾನಗಿ ಕೆಲವು ತಿಂಗಳುಗಳದ್ದು ಮಾತ್ರ. “ಇಟ್ಟಿಗೆ ಗೋಡೆ ಕಟ್ಟಿದರೆ ಅದು ಟೆಂಟಲ್ಲ, ಟೆಂಟಾದರೆ ಉಳಿಯುವ ಹಾಗಿಲ್ಲ” ಎಂದು ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು. ನಾನು ಹುಡುಕಲು ಹೊರಟ ವಸ್ತು ಕುರುಹು ಉಳಿಸದಿರುವುದೇ ಕಾನೂನಿನ ಷರತ್ತಾಗಿತ್ತೆಂಬುದು ಹೀಗೆ ಮೊದಲ ದಿನವೇ ಗೊತ್ತಾಯಿತು.

ಎರಡನೆಯ ದಿನ: ತೀರ್ಥಹಳ್ಳಿ

ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳನ್ನು ದಾಟಿ ತುಂಗೆಯ ಜೊತೆಜೊತೆಗೇ ಸಾಗುವ ರಸ್ತೆಯಲ್ಲಿ ತೀರ್ಥಹಳ್ಳಿ ಸೇರಿದಾಗ ಮಂಜು ಇನ್ನೂ ಹೊಳೆಯ ಮೇಲೆ ಕುಳಿತಿತ್ತು. ಎಳ್ಳಮಾವಾಸ್ಯೆ ಜಾತ್ರೆಗೆ ಇನ್ನೂ ಎರಡು ವಾರವಿತ್ತು. ರಾಮೇಶ್ವರ ದೇವಸ್ಥಾನದ ಕೆಳಗೆ ನಿಂತು ನೋಡಿದರೆ ಹೊಳೆಯ ಬಂಡೆಗಳು, ಕಮಾನು ಸೇತುವೆ, ಬಟ್ಟೆ ಒಗೆಯುವ ನಾಲ್ಕಾರು ಜನ. ತೀರ್ಥಸ್ನಾನ, ರಥೋತ್ಸವ, ತೆಪ್ಪೋತ್ಸವಗಳ ಆ ಜಾತ್ರೆಗೆ ಸುತ್ತಲಿನ ಸೀಮೆಯೆಲ್ಲ ಬಂದು ಸೇರುವುದರಿಂದ ಸರ್ಕಸ್ಸು, ನಾಟಕದ ಕಂಪೆನಿ, ತೊಟ್ಟಿಲುಗಳ ಜೊತೆಗೆ ಸಿನಿಮಾ ಡೇರೆಯೂ ಅಲ್ಲಿರುತ್ತಿತ್ತು. ನಾನು ಪರದೆಯನ್ನು ಮೊದಲು ಕಂಡದ್ದು ಅಂಥದ್ದೊಂದು ಜಾತ್ರೆಯಲ್ಲಿ, ಅಪ್ಪನ ಹೆಗಲ ಮೇಲೆ ಕುಳಿತು.

ಡೇರೆಯಲ್ಲಿ ಸಿನಿಮಾ ತೋರಿಸುವುದು ಕಾಯಂ ಕಟ್ಟಡಗಳಿಗಿಂತ ಹಳೆಯ ಪದ್ಧತಿ ಎಂಬುದನ್ನು ನಾವು ಮರೆತಿದ್ದೇವೆ. ತಿರುಚಿನಾಪಳ್ಳಿಯ ರೈಲ್ವೆ ನೌಕರ ಸ್ವಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಡು ಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಯಂತ್ರ ಕೊಂಡು ಊರೂರು ತಿರುಗತೊಡಗಿದ. ಆಗ್ನೇಯ ಏಷ್ಯಾ ಸುತ್ತಿ ಬಂದ ಅಬ್ದುಲಲಿ ಯೂಸುಫಲಿ 1908ರಿಂದ 1914ರವರೆಗೆ ಭಾರತದ ಊರುಗಳಲ್ಲಿ ಹೂಡಿದ ಡೇರೆ 100 ಅಡಿ ಉದ್ದ, 50 ಅಡಿ ಅಗಲದ್ದು. ಅದರಲ್ಲಿ ಸಾವಿರ ಜನ ಹಿಡಿಯುತ್ತಿದ್ದರು. ಆಗಿನ್ನೂ ಚಿತ್ರಕ್ಕೆ ಮಾತು ಬಂದಿರಲಿಲ್ಲ. 1931ರಲ್ಲಿ ಹಿಂದಿಗೂ 1934ರಲ್ಲಿ ಕನ್ನಡಕ್ಕೂ ಮಾತು ಬಂದ ಮೇಲೆ ಡೇರೆಗೆ ‘ಟಾಕೀಸು’ ಎಂಬ ಬಿರುದು ಸೇರಿತು. ಮಾತಿಲ್ಲದ ಚಿತ್ರಕ್ಕೆ ಬೆಳಕಿದ್ದರೆ ಸಾಕಿತ್ತು; ಮಾತಿಗೆ ಆಂಪ್ಲಿಫೈಯರು, ಹಾರ್ನು, ಅದಕ್ಕೆಲ್ಲ ಕರೆಂಟು ಬೇಕು. ಕರೆಂಟಿಲ್ಲದ ಊರಿಗೆ ಟಾಕೀಸು ತನ್ನ ಕರೆಂಟನ್ನು ತಾನೇ ಹೊತ್ತು ತಂದಿತು. ಗಾಡಿಯಿಂದ ಮೊದಲು ಇಳಿಯುತ್ತಿದ್ದುದು ಡೀಸೆಲ್ ಎಂಜಿನ್ನು. ನಮ್ಮ ಪೇಟೆಯ ಮಕ್ಕಳು ವಿದ್ಯುದ್ದೀಪವನ್ನು ಮೊದಲು ಕಂಡದ್ದು ಶಾಲೆಯಲ್ಲಿ ಅಲ್ಲ, ಟಿಕೀಟು ಕೊಡುವ ಗೂಡಿನ ಮೇಲೆ.

ತೀರ್ಥಹಳ್ಳಿಯ ಸಂಬಂಧಿಕರ ಮನೆಯಲ್ಲಿ ಆ ದಿನ ರಾತ್ರಿ ಅಡಿಕೆ ಸುಲಿಯುತ್ತಿದ್ದರು. ಈಗ ಸುಲಿಯುವ ಯಂತ್ರಗಳು ಬಂದಿವೆ. ಆದರೂ ಆ ಮನೆಯ ಅಂಗಳದಲ್ಲಿ ಐದಾರು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ಕೆಲಸ ಮಾಡುತ್ತಿದ್ದುದನ್ನು ಕಂಡು ನನಗೆ ಟೆಂಟಿನ ಲೆಕ್ಕಾಚಾರ ಸ್ಪಷ್ಟವಾಯಿತು. ಟೆಂಟು ಮಲೆನಾಡಿಗೆ ಬರುತ್ತಿದ್ದುದು ಬಿಸಿಲಿಗಾಗಿ ಮಾತ್ರವಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ, ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದವರು ಊರಲ್ಲಿರುತ್ತಾರೆ. ಸುಲಿತದವರು ತಮ್ಮ ಪಾಲಿನ ಡಬ್ಬ ತುಂಬಿಸಿ ಲೆಕ್ಕ ಒಪ್ಪಿಸಿದವರೇ ಕಂಬಳಿ ಹೊದ್ದು ಎರಡನೇ ಆಟಕ್ಕೆ ಹೊರಡುತ್ತಿದ್ದರು. ದಿನಕ್ಕೆ ಎರಡೇ ಆಟ. ಹಗಲಿನಲ್ಲಿ ಡೇರೆಯ ಬಟ್ಟೆಯ ಮೂಲಕ ಬೆಳಕು ಸೋರುವುದರಿಂದ ಮ್ಯಾಟನಿ ಎಂಬುದಿರಲಿಲ್ಲ. ಈ ಒಂದು ವಿಷಯದಲ್ಲಿ ಕ್ಯಾಮ್ಡೆನ್ನಿನ ಕಾರುಬಯಲೂ ನಮ್ಮ ಗದ್ದೆಯೂ ಒಂದೇ: ಎರಡಕ್ಕೂ ಸೂರ್ಯ ಮುಳುಗಲೇಬೇಕು.

ಸಂಜೆ ಹಾರ್ನಿನಲ್ಲಿ ಹಾಡು ಆರಂಭವಾದರೆ ಎರಡು ಮೈಲಿಯಾಚೆಯ ಮನೆಗಳಲ್ಲಿ ಒಲೆ ಆರುತ್ತಿತ್ತು. ಕೊನೆಯಲ್ಲಿ ಘಂಟಸಾಲರ ಕಂಠದ ‘ನಮೋ ವೆಂಕಟೇಶ’ ಬಂತೆಂದರೆ ಟಿಕೀಟು ಕೊಡುತ್ತಾರೆ, ಓಡಿ, ಎಂದು ಅರ್ಥ. ದೂರದ ಮನೆಯವರು ಕಮಾನು ಗಾಡಿ ಕಟ್ಟಿಕೊಂಡು, ಒಳಗೆ ಹುಲ್ಲು ಹಾಸಿ, ಅಜ್ಜಿಯನ್ನೂ ಬಾಣಂತಿಯನ್ನೂ ಕೂರಿಸಿಕೊಂಡು ಬಂದು, ಡೇರೆಯ ಬದಿಯ ಗದ್ದೆಯಲ್ಲಿ ಮೂಕಿ ಇಳಿಸಿ, ಎತ್ತುಗಳನ್ನು ಗಾಲಿಗೆ ಕಟ್ಟುತ್ತಿದ್ದರು. ಒಂದು ರಾತ್ರಿ ಪರದೆಯ ಮೇಲೆ ಗುಂಡಿನ ಕಾಳಗ ಜೋರಾಗಿ ನಡೆದಿರುವಾಗ ಹೊರಗೆ ಯಾರದೋ ಎತ್ತು ಬೆದರಿ ಹಗ್ಗ ಕಿತ್ತುಕೊಂಡು ನೇರವಾಗಿ ಗಾಂಧಿ ಕ್ಲಾಸಿಗೆ ನುಗ್ಗಿತು. ಆಟ ನಿಂತಿತು, ಲೈಟು ಬಂತು, ಎತ್ತಿನ ಯಜಮಾನ ಕುರ್ಚಿಯಿಂದ ಎದ್ದು ಬಂದು ಅದರ ಕೊರಳು ತಬ್ಬಿ ಸಮಾಧಾನ ಮಾಡಿ ಹೊರಗೊಯ್ದ. ಟಿಕೀಟಿಲ್ಲದೆ ಒಳಗೆ ಬಂದ ಅಪರಾಧಕ್ಕೆ ಎತ್ತಿನಿಂದ ನಾಲ್ಕಾಣೆ ವಸೂಲು ಮಾಡಬೇಕೆಂದು ಯಾರೋ ಕೂಗಿದ್ದು ಆ ವರ್ಷವೆಲ್ಲ ಪೇಟೆಯಲ್ಲಿ ಓಡಾಡಿತು.

ಗಾಂಧಿ ಕ್ಲಾಸು ಎಂದರೆ ನೆಲ. ಅದರ ಹಿಂದೆ ಬೆಂಚು, ಬೆಂಚಿನ ಹಿಂದೆ ಮಡಚುವ ಕುರ್ಚಿ. ಹೆಂಗಸರಿಗೂ ಗಂಡಸರಿಗೂ ನಡುವೆ ಒಂದು ತಟ್ಟಿ. ನಗರದ ಟೆಂಟುಗಳಲ್ಲಿ ನೆಲಕ್ಕೆ ಮರಳು ಹಾಕಿರುತ್ತಿದ್ದರಂತೆ. ನಮ್ಮದು ಕೊಯ್ದ ಗದ್ದೆ. ಭತ್ತದ ಕೂಳೆ ಕಾಲಿಗೆ, ಚಡ್ಡಿಗೆ ಚುಚ್ಚುತ್ತಿತ್ತು. ಟೆಂಟು ಬಂದ ಮೊದಲ ವಾರ ಹೋದವರಿಗೆ ಕೂಳೆ, ಕೊನೆಯ ವಾರ ಹೋದವರಿಗೆ ಸಗಣಿ ಸಾರಿಸಿದ ಅಂಗಳದಂಥ ನುಣುಪು ನೆಲ. ಮುಂದೆ ಕುಳಿತವನ ತಲೆ ಅಡ್ಡ ಬರುತ್ತದೆಂದು ನಾವು ಹುಡುಗರು ಮಣ್ಣು ಕೆರೆದು ಗುಪ್ಪೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಹಿಂದಿನವನು ಇನ್ನೂ ದೊಡ್ಡ ಗುಪ್ಪೆ ಮಾಡುತ್ತಿದ್ದ. ಆಟ ಬಿಟ್ಟ ಮೇಲೆ ಸೂಡಿ ಹೊತ್ತಿಸಿಕೊಂಡು ಕಾಡುದಾರಿಯಲ್ಲಿ ಸಾಲಾಗಿ ನಡೆದರೆ ಒಂದೊಂದು ಕವಲಿನಲ್ಲಿ ಒಂದೊಂದು ಸೂಡಿ ಕಡಿಮೆಯಾಗುತ್ತ ಹೋಗಿ, ಕೊನೆಗೆ ನಮ್ಮ ಮನೆಯದೊಂದೇ ಉಳಿಯುತ್ತಿತ್ತು.

ಮೂರನೆಯ ದಿನ: ಆಗುಂಬೆ

ಆಗುಂಬೆಯಲ್ಲಿ ಟೆಂಟಿನ ನೆನಪುಗಳಿಗಿಂತ ಅದರ ಶತ್ರುಗಳ ನೆನಪು ಹೆಚ್ಚು. ಮೊದಲನೆಯ ಶತ್ರು ಮಳೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಿನಲ್ಲಿ ಬಟ್ಟೆಯ ಛಾವಣಿಗೆ ಎಷ್ಟು ತಿಂಗಳ ಆಯುಷ್ಯವೆಂದು ಯಾರೂ ಹೇಳಬಲ್ಲರು. ಎರಡನೆಯದು ಟಿ.ವಿ. ಶಂಕರ್‌ನಾಗ್ ಇಲ್ಲಿ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆಯ ಮುಂದೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು. 1984ರ ನಂತರ ಸಣ್ಣ ಪ್ರಸಾರ ಕೇಂದ್ರಗಳು ಹೆಚ್ಚುತ್ತ ಹೋದಂತೆ ಮಲೆನಾಡಿನ ಮನೆಗಳಲ್ಲಿ ಎತ್ತರದ ಮರದ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಕೆಳಗಿಂದ “ಬಂತು, ಬಂತು, ಹೋಯ್ತು” ಎಂದು ಕೂಗುವುದು ಸಂಜೆಯ ಕೆಲಸವಾಯಿತು. ಆಮೇಲೆ ಬಾಡಿಗೆಯ ವಿ.ಸಿ.ಆರ್. ಬಂದು ಗಣಪತಿ ಪೆಂಡಾಲಿನಲ್ಲಿ ಬೆಳಗಿನವರೆಗೆ ಮೂರು ಸಿನಿಮಾ ತೋರಿಸಿತು. ಮಳೆ ಟೆಂಟನ್ನು ಆರು ತಿಂಗಳು ಓಡಿಸಿದರೆ ಈ ಪೆಟ್ಟಿಗೆಗಳು ಉಳಿದ ಆರು ತಿಂಗಳನ್ನೂ ಕಿತ್ತುಕೊಂಡವು. ಸೂರ್ಯಾಸ್ತಕ್ಕೆ ಮೋಡ ಅಡ್ಡ ಬಂದದ್ದರಿಂದ ನಾವು ಬೇಗನೆ ಹಿಂದಿರುಗಿದೆವು. ದಾರಿಯಲ್ಲಿ ಟಯರು ಪಂಕ್ಚರಾದದ್ದೊಂದು ಬಿಟ್ಟರೆ ಆ ದಿನದ ಬಗ್ಗೆ ಹೇಳುವಂಥದ್ದು ಮತ್ತೇನಿಲ್ಲ.

ನಾಲ್ಕನೆಯ ದಿನ: ಸಾಗರ, ಹೆಗ್ಗೋಡು

ಬೆಳಿಗ್ಗೆ ಅರಸಾಳಿನಲ್ಲಿ ಹತ್ತು ನಿಮಿಷ ನಿಂತೆವು. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡ ಅದೇ ಧಾರಾವಾಹಿಯ ನೆನಪಿಗೆ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಧಾರಾವಾಹಿಗೆ ಸಂಗ್ರಹಾಲಯ ಸಿಕ್ಕಿತು, ಸಿನಿಮಾ ಪೆಟ್ಟಿಗೆ ಇಳಿದ ಪ್ಲಾಟ್‌ಫಾರಂಗಳಿಗೆ ಒಂದು ಬೋರ್ಡೂ ಇಲ್ಲವಲ್ಲ ಎಂದು ನಾನು ಗೊಣಗಿದೆ. ಭಾವ, “ಧಾರಾವಾಹಿ ಎಲ್ಲರೂ ಪುಕ್ಕಟೆ ನೋಡಿದ್ದು, ಅದಕ್ಕೆ” ಎಂದರು.

ಸಾಗರದಲ್ಲಿ ನಾವು ನೋಡಬೇಕಾಗಿದ್ದುದು ಒಬ್ಬ ಮನುಷ್ಯನನ್ನು. ಹದಿನೇಳನೆಯ ವಯಸ್ಸಿನಲ್ಲಿ ಟೆಂಟಿನ ಗೇಟು ಕಾಯಲು ಸೇರಿ, ಮುಂದೆ ಆಪರೇಟರಾಗಿ, ಟೆಂಟು ನಿಂತ ಮೇಲೆ ಕಾಯಂ ಟಾಕೀಸಿನಲ್ಲಿ ದುಡಿದು, ಈಗ ಮಗಳ ಮನೆಯ ಜಗಲಿಯಲ್ಲಿ ಕುಳಿತಿರುವ ಅಜ್ಜ ಅವರು. ಎಂಬತ್ತು ದಾಟಿದೆ. ಬಲಗೈಯ ಹೆಬ್ಬೆರಳಿನ ಪಕ್ಕದಲ್ಲಿ ಹಳೆಯ ಸುಟ್ಟ ಕಲೆ. ಅದರ ಬಗ್ಗೆ ಕೇಳಿದೊಡನೆ ಎದ್ದು ಒಳಗೆ ಹೋಗಿ ಹಾರ್ಲಿಕ್ಸ್ ಬಾಟಲಿಯೊಂದನ್ನು ತಂದು ಜಗಲಿಯ ಮೇಲೆ ಸುರಿದರು: ತಾಮ್ರದ ಲೇಪದ ಕಾರ್ಬನ್ ಕಡ್ಡಿಗಳ ತುಂಡುಗಳು, ಬೆರಳುದ್ದದವು, ಅದಕ್ಕೂ ಸಣ್ಣವು. ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ತುದಿ ಪೆನ್ಸಿಲಿನಂತೆ ಕರಗಿ ಚೂಪಾಗಿತ್ತು, ಉಗುರಿಗೆ ಕಪ್ಪು ಹತ್ತಿತು.

“ಈಗಿನ ಹಂಗೆ ಬಲ್ಬು ಅಲ್ಲ ಅದು” ಎಂದು ಅಜ್ಜ ಆರಂಭಿಸಿದರು. ಎರಡು ಕಡ್ಡಿಗಳ ತುದಿಯನ್ನು ಒಮ್ಮೆ ತಾಗಿಸಿ ತುಸು ದೂರ ಸರಿಸಿದರೆ ನಡುವಿನ ಸಂದಿನಲ್ಲಿ ಕಣ್ಣು ಕುಕ್ಕುವ ಬಿಳಿ ಬೆಂಕಿ ಹುಟ್ಟುತ್ತದೆ. ಹಿಂದಿನ ಕನ್ನಡಿ ಆ ಬೆಳಕನ್ನು ಒಟ್ಟುಗೂಡಿಸಿ ಫಿಲ್ಮಿನ ಮೇಲೆ ಬಿಡುತ್ತದೆ. ಕಡ್ಡಿ ಉರಿಯುತ್ತ ಕರಗುವುದರಿಂದ ಸಂದು ಹಿಗ್ಗುತ್ತದೆ. ಹಿಗ್ಗಿದರೆ ಪರದೆ ಮಂಕು, ಮತ್ತೂ ಹಿಗ್ಗಿದರೆ ಕತ್ತಲು. ಆಪರೇಟರು ಕಪ್ಪು ಗಾಜಿನಲ್ಲಿ ನೋಡುತ್ತ ತಿರುಪನ್ನು ಚೂರು ಚೂರೇ ತಿರುಗಿಸುತ್ತಿರಬೇಕು. “ದೇವರ ಮುಂದಿನ ದೀಪ ಇದ್ದಂಗೆ, ಒಂದು ಗಳಿಗೆ ಕಣ್ಣು ತಪ್ಪಿಸಂಗಿಲ್ಲ. ನಾನು ಎಷ್ಟೋ ಪಿಚ್ಚರನ್ನ ನೂರು ಸಲ ಓಡ್ಸೀನಿ, ಒಂದನ್ನೂ ಪೂರ್ತಿ ನೋಡ್ಲಿಲ್ಲ.”

ಫಿಲ್ಮಿನ ಲೆಕ್ಕ ಅವರ ನಾಲಿಗೆಯ ಮೇಲಿತ್ತು. 35 ಎಂ.ಎಂ. ಫಿಲ್ಮಿನಲ್ಲಿ ಅಡಿಗೆ 16 ಚಿತ್ರ. ಸೆಕೆಂಡಿಗೆ 24 ಚಿತ್ರದಂತೆ ಓಡಿದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ರೀಲು 11 ನಿಮಿಷದಲ್ಲಿ ಮುಗಿಯುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ತುಸು ಹೆಚ್ಚು. ನಾವು ಮನೆಯಿಂದ ಟೆಂಟಿಗೆ ನಡೆಯುತ್ತಿದ್ದ ದಾರಿಯೂ ಸುಮಾರು ಅಷ್ಟೇ ಎಂಬುದು ಅವರ ಜಗಲಿಯಲ್ಲಿ ಕುಳಿತಾಗ ಹೊಳೆದು ನನಗೆ ಏಕೋ ಬಹಳ ಖುಷಿಯಾಯಿತು. ಕಾಯಂ ಟಾಕೀಸಿನಲ್ಲಿ ಎರಡು ಯಂತ್ರಗಳಿರುತ್ತವೆ, ಒಂದು ಮುಗಿಯುವಾಗ ಇನ್ನೊಂದು ಶುರು. ಟೆಂಟಿನಲ್ಲಿ ಒಂದೇ ಯಂತ್ರ. ಮೂರು ರೀಲುಗಳನ್ನು ಒಂದಕ್ಕೊಂದು ಅಂಟಿಸಿ ಒಂದೇ ಸುರುಳಿ ಮಾಡಿದರೂ ಅರ್ಧ ಗಂಟೆಗೊಮ್ಮೆ ನಿಲ್ಲಿಸಲೇಬೇಕು. ಕಡಲೆಕಾಯಿ, ಚುರುಮುರಿ, ಗೋಲಿ ಸೋಡಾದವರ ಸಂಸಾರ ನಡೆದದ್ದು ಆ ನಿಲುಗಡೆಗಳಲ್ಲಿ. ಟೆಂಟಿಗೆ ನಾಲ್ಕು ಇಂಟರ್‌ವಲ್ ಎಂದು ಪೇಟೆಯವರು ಹಾಸ್ಯ ಮಾಡುತ್ತಿದ್ದರು. ನನ್ನ ಮಟ್ಟಿಗೆ ಅದು ಔದಾರ್ಯ. ಕಥೆ ಕೆಟ್ಟಿದ್ದರೂ ಪ್ರತಿ ಅರ್ಧ ಗಂಟೆಗೆ ಅದರ ಬಗ್ಗೆ ಮಾತಾಡಲು ಜನಕ್ಕೆ ಐದು ನಿಮಿಷ ಸಿಗುತ್ತಿತ್ತು.

ಫಿಲ್ಮು ತುಂಡಾದಾಗ ಕತ್ತರಿಸಿ ಎಸೆಯುತ್ತಿದ್ದ ಚೂರುಗಳಿಗೆ ನಾವು ಹುಡುಗರು ಡೇರೆಯ ಹಿಂದೆ ಕಾದಿರುತ್ತಿದ್ದೆವೆಂದು ಹೇಳಿದಾಗ ಅಜ್ಜ ನಕ್ಕರು. ಸುಟ್ಟುಹೋದ ಬಲ್ಬಿನ ತಲೆ ಒಡೆದು, ಒಳಗಿನ ತಂತಿ ತೆಗೆದು, ನೀರು ತುಂಬಿದರೆ ಅದೇ ಮಸೂರ. ಬಾಗಿಲಿನ ಸಂದಿನಿಂದ ಕನ್ನಡಿಯಲ್ಲಿ ಬಿಸಿಲು ಹಾಯಿಸಿ, ನಡುವೆ ಫಿಲ್ಮಿನ ಚೂರು ಹಿಡಿದರೆ ಕತ್ತಲೆಯ ಉಗ್ರಾಣದಲ್ಲಿ ಅಪ್ಪನ ಪಂಚೆಯ ಮೇಲೆ ನಾಯಕಿ ತಲೆಕೆಳಗಾಗಿ ಮೂಡುತ್ತಿದ್ದಳು. “ಆ ಚೂರು ನಾನು ಬೇಕಂತಲೇ ಸ್ವಲ್ಪ ಉದ್ದ ಕತ್ತರಿಸ್ತಿದ್ದೆ, ಹುಡುಗ್ರು ಕಾಯ್ತವೆ ಅಂತ” ಎಂದರು ಅಜ್ಜ. ಹಾಗಾದರೆ ನಮ್ಮ ಟೆಂಟಿನ ಕಥೆಗಳಲ್ಲಿ ಇದ್ದಕ್ಕಿದ್ದಂತೆ ಬೀಳುತ್ತಿದ್ದ ಕಂದಕಗಳಿಗೆ ನಾವೂ ಒಂದಿಷ್ಟು ಕಾರಣರೇ.

ಸಂಜೆ ಹೆಗ್ಗೋಡಿಗೆ ಹೋದೆವು. ಟೆಂಟಿನ ಕಥೆಯಲ್ಲಿ ಹೆಗ್ಗೋಡನ್ನು ತರುವುದು ಕೆಲವರಿಗೆ ವಿಚಿತ್ರವೆನಿಸಬಹುದು. 1949ರಲ್ಲಿ ಹುಟ್ಟಿದ ನೀನಾಸಮ್ ನಾಟಕಕ್ಕೆ ಹೆಸರಾದ ಸಂಸ್ಥೆ. ಆದರೆ 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಅಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ಬೆಳೆಗಾರರನ್ನೂ ಕೂಲಿಯವರನ್ನೂ ಶಾಲಾ ಮಾಸ್ತರರನ್ನೂ ಸತ್ಯಜಿತ್ ರೇ, ಕುರೊಸಾವಾ ಅವರ ಚಿತ್ರಗಳ ಮುಂದೆ ಕೂರಿಸಿದರು. ಹಳ್ಳಿಯವರಿಗೆ ಇಂಥದ್ದು ಅರ್ಥವಾದೀತೇ ಎಂದು ಪಟ್ಟಣದವರು ಕೇಳುತ್ತಿದ್ದರು. ಟೆಂಟಿನಲ್ಲಿ ಬೆಳೆದ ನನಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಗೀರು ಬಿದ್ದ, ರೀಲು ಹಿಂದುಮುಂದಾದ, ಹಾರ್ನು ಗರಗರ ಎನ್ನುವ ಚಿತ್ರದಿಂದ ಕಥೆಯನ್ನು ಹೆಕ್ಕಿ ತೆಗೆಯಬಲ್ಲ ಪ್ರೇಕ್ಷಕರನ್ನು ಟೆಂಟು ಆಗಲೇ ತಯಾರು ಮಾಡಿಟ್ಟಿತ್ತು. ಅಂಥವರಿಗೆ ಜಪಾನಿ ಭಾಷೆ ಯಾವ ಲೆಕ್ಕ? 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬರುವ ಹೊತ್ತಿಗೆ ನಮ್ಮ ಕಡೆಯ ಟೆಂಟುಗಳು ಮುಚ್ಚಿ ವರ್ಷಗಳಾಗಿದ್ದವು.

ಐದನೆಯ ದಿನ: ನಮ್ಮೂರು

ಹೊಸನಗರ ತಾಲೂಕಿನ ನಮ್ಮ ಪೇಟೆಗೆ ಬಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ “ಟೆಂಟಿನ ಗದ್ದೆ ಎಲ್ಲಿ” ಎಂದು ಹುಡುಗನೊಬ್ಬನನ್ನು ಬೇಕೆಂದೇ ಕೇಳಿದೆ. ಅವನು ಲೋಟ ತೊಳೆಯುವುದನ್ನು ನಿಲ್ಲಿಸದೆ, “ಸೊಸೈಟಿ ಗೋಡೌನಿನ ಹಿಂದೆ” ಎಂದ. ಟೆಂಟು ಎಂದರೇನೆಂದು ಕೇಳಿದರೆ, “ಗೊತ್ತಿಲ್ಲ, ಹಂಗೇ ಕರೀತಾರೆ” ಎಂದ.

ಗದ್ದೆ ಕೊಯ್ದು ವಾರವಾಗಿತ್ತು. ಕೂಳೆ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಕಂಬ ನೆಟ್ಟ ಗುಂಡಿಗಳು, ಎಂಜಿನ್ನಿನ ಎಣ್ಣೆ ಕುಡಿದು ಕಪ್ಪಾದ ಮಣ್ಣು, ಏನಾದರೂ ಕಾಣಬಹುದೆಂದು ಅಂಚಿನುದ್ದಕ್ಕೂ ನಡೆದೆ. ಕೆಲವು ಏಡಿ ಬಿಲಗಳು ಬಿಟ್ಟರೆ ಏನೂ ಇರಲಿಲ್ಲ. ನಮ್ಮನ್ನು ಕಂಡು ಗದ್ದೆಯ ಯಜಮಾನರು ಬಂದರು. ನನ್ನ ಅಣ್ಣನ ಸಹಪಾಠಿ. ಎಂಜಿನ್ನು ನಿಂತ ಜಾಗದಲ್ಲಿ ಮೂರು ನಾಲ್ಕು ವರ್ಷ ಭತ್ತ ಏಳಲಿಲ್ಲವೆಂದೂ, ಆಮೇಲೆ ಎಲ್ಲ ಸರಿಹೋಯಿತೆಂದೂ ಹೇಳಿದರು. ಪರದೆ ಯಾವ ಕಡೆ ಇತ್ತೆಂದು ಕೇಳಿದೆ. “ಪಡುಗಡೆ, ಆ ಹಲಸಿನ ಮರದ ಬುಡದಲ್ಲಿ” ಎಂದು ಅವರು ಕೈ ತೋರಿಸಿದರು. ನನ್ನ ನೆನಪೂ ಹಾಗೆಯೇ ಇತ್ತು.

“ಅಲ್ಲ, ಮೂಡುಗಡೆ” ಎಂದು ಹಿಂದಿನಿಂದ ದನಿ ಬಂತು. ಕಾಫಿಯ ತಟ್ಟೆ ಹಿಡಿದು ಬಂದಿದ್ದ ಅವರ ಹೆಂಡತಿ.

“ನಿನಗೇನು ಗೊತ್ತೇ, ನೀನು ಟೆಂಟಿನೊಳಗೆ ಕಾಲಿಟ್ಟವಳೇ ಅಲ್ಲ.”

“ಕಾಲಿಡಲಿಲ್ಲ ಅಂತಲೇ ಗೊತ್ತಿರೋದು” ಎಂದು ಆಕೆ ತಟ್ಟೆಯನ್ನು ನನ್ನ ಕಡೆಗೆ ಚಾಚಿದರು. “ತಗೊಳ್ಳಿ ಅಣ್ಣ. ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಟೆಂಟಿಗೆ ಕಳಿಸ್ತಿರಲಿಲ್ಲ. ಪರದೆ ಹಿಂದಿನ ತಟ್ಟಿ ಗಾಳಿಗೆ ಹರಿದುಹೋಗಿತ್ತು. ನಮ್ಮ ಹಿತ್ತಿಲ ಬಾವಿಕಟ್ಟೆ ಮೇಲೆ ನಿಂತರೆ ಪಿಚ್ಚರೆಲ್ಲ ಹಿಂದಿನಿಂದ ಕಾಣ್ತಿತ್ತು. ನಮ್ಮ ಹಿತ್ತಿಲು ಇರೋದು ಮೂಡುಗಡೆಗೆ ತಾನೆ?”

ಹಿತ್ತಿಲು ಮೂಡುಗಡೆಗೇ ಇತ್ತು. ಬಾವಿಕಟ್ಟೆಯೂ ಕಾಣುತ್ತಿತ್ತು. ಬಟ್ಟೆಯ ಪರದೆಯಾದ್ದರಿಂದ ಚಿತ್ರ ಆಚೆಗೂ ಮೂಡುತ್ತದೆ, ಆದರೆ ಎಡಬಲ ಅದಲುಬದಲಾಗಿ.

“ರಾಜ್‌ಕುಮಾರು ಎಡಗೈಯಲ್ಲಿ ಊಟ ಮಾಡ್ತಿದ್ರು” ಎಂದರು ಆಕೆ. “ಕತ್ತಿ ಹಿಡಿದೋರೆಲ್ಲ ರೊಡ್ಡರು. ಅಕ್ಷರವೂ ಉಲ್ಟಾ. ಮೊದಮೊದಲು ಓದಲಿಕ್ಕಾಗ್ತಿರಲಿಲ್ಲ, ಆಮೇಲೆ ‘ಶುಭಂ’ ಒಂದನ್ನ ಹಿಂದುಮುಂದಾಗಿ ಓದಲಿಕ್ಕೆ ಕಲಿತೆ.”

“ಅದೊಂದು ಯಾಕೆ?” ಎಂದು ಯಜಮಾನರು ಕೇಳಿದರು. ಅವರು ಇದನ್ನೆಲ್ಲ ಮೊದಲ ಬಾರಿಗೆ ಕೇಳುತ್ತಿದ್ದರೆಂಬುದು ಮುಖದಲ್ಲಿ ಕಾಣುತ್ತಿತ್ತು.

“ಅದು ಬಂದ ಕೂಡಲೇ ಕಟ್ಟೆ ಇಳಿದು ಒಳಗೆ ಓಡಿ ಚಾಪೆ ಮೇಲೆ ಮಲಗಬೇಕಿತ್ತಲ್ಲ, ನೀವು ಮನೆಗೆ ಬರೋದ್ರೊಳಗೆ.”